ಹಡಗು ಸಂಜೆ 5ಕ್ಕೆ ಹೊರಡುತ್ತದೆ ಅಂದರೆ, ನೀವು ಎಷ್ಟು ಗಂಟೆಗೆ ಬಂದರಿನಲ್ಲಿರಬೇಕು?

ಕೊಟ್ಟಿಗೆಹಾರದಲ್ಲಿ ಬಸ್ ನಿಂತರೆ ಯಾರಿಗೂ ಗಾಬರಿ ಇರುವುದಿಲ್ಲ. ನೀರುದೋಸೆ ತಿಂದು, ಕಾಫಿ ಕುಡಿದು, ಕೈ ತೊಳೆದು ಬರುವಷ್ಟರಲ್ಲಿ ಡ್ರೈವರ್ ಒಂದು ಹಾರ್ನ್ ಹಾಕುತ್ತಾರೆ. ಆಮೇಲೂ ಒಬ್ಬರು ಬಂದಿಲ್ಲ ಅಂದರೆ ಕಂಡಕ್ಟರ್ ಇಳಿದು ಹೋಟೆಲಿನ ಒಳಗೇ ನೋಡಿಕೊಂಡು ಬರುತ್ತಾರೆ. ನಮ್ಮ ಮಲೆನಾಡಿನ ಪ್ರಯಾಣದ ಲೆಕ್ಕಾಚಾರ ಬಹುಪಾಲು ಹೀಗೆಯೇ: ವಾಹನ ಹೊರಡುವ ಹೊತ್ತಿಗೆ ನಾವು ಅಲ್ಲಿದ್ದರೆ ಸಾಕು.

ಈಗ ಕಾಫಿ ಕೊಯ್ಲು, ಮೆಣಸು ಕೊಯ್ಲು ಮುಗಿದ ಮೇಲೆ ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲೂ ಕ್ರೂಸ್ ಹಡಗಿನ ಮಾತು ಕೇಳಿಬರುತ್ತಿದೆ. ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಎಂದು ಎರಡು ಮೂರು ರಾತ್ರಿಯ ಪ್ಯಾಕೇಜ್‌ಗಳು ಬಂದಿವೆ. ಮಕ್ಕಳು ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸಿ ಮೊಬೈಲಿಗೆ ಕಳಿಸುತ್ತಾರೆ. ಟಿಕೆಟ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಒಂದೇ ಸಮಯ: ಹಡಗು ಹೊರಡುವುದು ಸಂಜೆ 5 ಗಂಟೆ. 'ಹಾಗಾದರೆ 4 ಗಂಟೆಗೆ ತಲುಪಿದರೆ ಸಾಕಲ್ಲ' ಎಂದು ಯಾರೋ ಗ್ರೂಪಿನಲ್ಲಿ ಹಾಕುತ್ತಾರೆ. 'ಇಲ್ಲ, ಬೆಳಿಗ್ಗೆ 8ಕ್ಕೇ ಹೋಗಿ ನಿಲ್ಲಬೇಕು' ಎಂದು ಇನ್ನೊಬ್ಬರು ಹಾಕುತ್ತಾರೆ.

ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಹಣ ಹೋಗುತ್ತದೆ, ಪ್ರವಾಸವೂ ಹೋಗುತ್ತದೆ. ಎರಡನೆಯದನ್ನು ನಂಬಿದರೆ ವಯಸ್ಸಾದವರು ಬಂದರಿನ ಬಿಸಿಲಿನಲ್ಲಿ ಅರ್ಧ ದಿನ ಕಳೆಯಬೇಕಾಗುತ್ತದೆ. ಯಾಕೆ ಎಂದು ನೋಡೋಣ.

ಒಂದು ಟಿಕೆಟ್, ಮೂರು ಸಮಯ

ಹಡಗಿನ ಪ್ರಯಾಣಕ್ಕೆ ಸಂಬಂಧಿಸಿ ಮೂರು ಬೇರೆ ಬೇರೆ ಸಮಯಗಳಿರುತ್ತವೆ. ಒಂದು, ಟರ್ಮಿನಲ್ಲಿನಲ್ಲಿ ಚೆಕ್-ಇನ್ ಶುರುವಾಗುವ ಸಮಯ. ಎರಡು, ಚೆಕ್-ಇನ್ ಮುಚ್ಚುವ ಸಮಯ. ಮೂರು, ಹಡಗು ದಡ ಬಿಡುವ ಸಮಯ. ಪ್ರಯಾಣಿಕರಿಗೆ ಮುಖ್ಯವಾದದ್ದು ಎರಡನೆಯದು. ಆದರೆ ನಮ್ಮ ಕಣ್ಣಿಗೆ ಬೀಳುವುದು ಮೂರನೆಯದು.

ಸಾಮಾನ್ಯವಾಗಿ ಹಡಗು ಹೊರಡುವ ನಾಲ್ಕೈದು ಗಂಟೆ ಮೊದಲು ಚೆಕ್-ಇನ್ ಶುರುವಾಗುತ್ತದೆ. ಹೊರಡಲು ಒಂದರಿಂದ ಎರಡು ಗಂಟೆ ಇರುವಾಗ ಮುಚ್ಚುತ್ತದೆ. ಇದು ಕಂಪನಿಯಿಂದ ಕಂಪನಿಗೆ, ಬಂದರಿನಿಂದ ಬಂದರಿಗೆ, ಒಮ್ಮೊಮ್ಮೆ ಪ್ರವಾಸದಿಂದ ಪ್ರವಾಸಕ್ಕೂ ಬದಲಾಗುತ್ತದೆ. ಆದ್ದರಿಂದ ಯಾರದೋ ಅನುಭವದ ಸಮಯ ನಿಮಗೆ ಹೊಂದುವುದಿಲ್ಲ. ನಿಮ್ಮ ಬುಕಿಂಗ್ ಪತ್ರದಲ್ಲಿ ಅಥವಾ ಬೋರ್ಡಿಂಗ್ ಪಾಸಿನಲ್ಲಿ ಬರೆದಿರುವುದೇ ಕೊನೆಯ ಮಾತು.

ಇಲ್ಲಿ ಉದಾಹರಣೆಗೆ ಒಂದು ಲೆಕ್ಕ ಇಟ್ಟುಕೊಳ್ಳೋಣ. ಹಡಗು 5ಕ್ಕೆ ಹೊರಡುತ್ತದೆ, ಚೆಕ್-ಇನ್ 12ಕ್ಕೆ ಶುರು, 3.30ಕ್ಕೆ ಮುಕ್ತಾಯ. 4 ಗಂಟೆಗೆ ಬಂದವರಿಗೆ ಹಡಗು ಕಣ್ಣೆದುರಿಗೇ ನಿಂತಿರುವುದು ಕಾಣಿಸುತ್ತದೆ, ಆದರೆ ಹತ್ತಲು ಬಿಡುವುದಿಲ್ಲ.

'ಹಡಗು ಅಲ್ಲೇ ಇದೆ, ಹತ್ತಿಸಿಕೊಂಡರೆ ಏನು ಹೋಗುತ್ತದೆ?'

ಈ ಪ್ರಶ್ನೆ ಸಹಜ. ಉತ್ತರ ಇರುವುದು ಎಣಿಕೆಯಲ್ಲಿ.

ಪ್ರಯಾಣಿಕರ ಹಡಗುಗಳಿಗೆ ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದ ಅನ್ವಯಿಸುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಇದರ ಮೊದಲ ರೂಪ ಬಂತು. ಈಗ ಜಾರಿಯಲ್ಲಿರುವುದು 1974ರ ಒಪ್ಪಂದ, ಕಾಲಕಾಲಕ್ಕೆ ತಿದ್ದುಪಡಿಯಾಗಿದೆ. ಇದರ ಒಂದು ನಿಯಮ ಬಹಳ ಸರಳ: ಹಡಗು ಹೊರಡುವ ಮೊದಲೇ ಅದರಲ್ಲಿರುವ ಎಲ್ಲರನ್ನೂ ಎಣಿಸಿರಬೇಕು.

ಈ ನಿಯಮದ ಹಿಂದೆ ಸಾವುಗಳಿವೆ. 1947ರ ಜುಲೈ 17ರಂದು ಮುಂಬೈಯಿಂದ ರೇವಸ್‌ಗೆ ಹೊರಟ 'ರಾಮದಾಸ್' ಎಂಬ ಹಡಗು ಮಳೆಗಾಲದ ಸಮುದ್ರದಲ್ಲಿ ಮುಳುಗಿತು. 600ಕ್ಕೂ ಹೆಚ್ಚು ಜನ ತೀರಿಕೊಂಡರು. ಹಡಗಿನಲ್ಲಿ ಒಟ್ಟು ಎಷ್ಟು ಜನರಿದ್ದರು ಎಂಬ ಸಂಖ್ಯೆ ಇವತ್ತಿಗೂ ಒಂದೊಂದು ಕಡೆ ಒಂದೊಂದು ಥರ ಸಿಗುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರಗ್ ಬಂದರಿನಿಂದ ಹೊರಟ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಮುಂದಿನ ಬಾಗಿಲು ಮುಚ್ಚದೆ ಹೊರಟು ಮಗುಚಿತು, 193 ಜನ ಸತ್ತರು. ಆ ಮಾರ್ಗದ ಹಡಗುಗಳಲ್ಲಿ ಪ್ರಯಾಣಿಕರ ಎಣಿಕೆ ಸರಿಯಾಗಿ ನಡೆಯುತ್ತಿರಲಿಲ್ಲ ಎಂಬ ವಿಷಯವೂ ತನಿಖೆಯಲ್ಲಿ ಹೊರಬಂತು.

ಎಷ್ಟು ಜನ ಇದ್ದಾರೆ ಎಂದೇ ಗೊತ್ತಿಲ್ಲದಿದ್ದರೆ, ಅಪಘಾತವಾದಾಗ ಇನ್ನೂ ಎಷ್ಟು ಜನರನ್ನು ಹುಡುಕಬೇಕು ಎಂದು ಯಾರಿಗೂ ಹೇಳಲು ಬರುವುದಿಲ್ಲ. ಅದಕ್ಕಾಗಿಯೇ ಪಟ್ಟಿ. ಆ ಪಟ್ಟಿಯನ್ನು ಮುಗಿಸಿ, ತಾಳೆ ನೋಡಿ, ಸಂಬಂಧಪಟ್ಟವರಿಗೆ ಕೊಡಲು ಸಮಯ ಬೇಕು. ಅಮೆರಿಕದಲ್ಲಿ ವಿದೇಶಕ್ಕೆ ಹೊರಡುವ ಹಡಗಿನ ಪ್ರಯಾಣಿಕರ ಪಟ್ಟಿ ಹೊರಡುವ 60 ನಿಮಿಷ ಮೊದಲೇ ಅಲ್ಲಿನ ಗಡಿ ಅಧಿಕಾರಿಗಳ ಕೈ ಸೇರಬೇಕೆಂಬ ನಿಯಮವಿದೆ. ಪಟ್ಟಿ ಹೋದ ಮೇಲೆ ಬಂದವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಗೇಟಿನಲ್ಲಿ ನಿಂತವರು 'ಆಗುವುದಿಲ್ಲ' ಎನ್ನುವುದು ಹಟಕ್ಕಲ್ಲ.

ಲೈಫ್ ಜಾಕೆಟ್ ಪಾಠವೂ ಹೊರಡುವ ಮೊದಲೇ

ಇನ್ನೊಂದು ಕಾರಣವಿದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ವಾಲಿತು. ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು, 32 ಮಂದಿ ಸತ್ತರು. ಅವತ್ತು ಸಂಜೆಯಷ್ಟೇ ಹತ್ತಿದ ನೂರಾರು ಪ್ರಯಾಣಿಕರಿಗೆ ತುರ್ತು ಅಭ್ಯಾಸ ಇನ್ನೂ ಆಗಿರಲಿಲ್ಲ. ಅದನ್ನು ಮರುದಿನಕ್ಕೆ ಇಟ್ಟುಕೊಂಡಿದ್ದರು. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು.

ಆ ಘಟನೆಯ ನಂತರ ನಿಯಮ ಬದಲಾಯಿತು. 2015ರ ಜನವರಿ 1ರಿಂದ, ಹೊಸದಾಗಿ ಹತ್ತಿದ ಪ್ರಯಾಣಿಕರಿಗೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ಅಭ್ಯಾಸ ಆಗಲೇಬೇಕು. ಇದನ್ನು ಮಸ್ಟರ್ ಡ್ರಿಲ್ ಎನ್ನುತ್ತಾರೆ. ಅಪಾಯದ ಗಂಟೆ ಹೇಗಿರುತ್ತದೆ, ಆಗ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಎಂದು ಹೇಳಿಕೊಡುತ್ತಾರೆ. ಕೊನೆಯ ಗಳಿಗೆಯಲ್ಲಿ ಓಡಿಬಂದು ಹತ್ತುವವರಿಗೆ ಇದೆಲ್ಲ ಮಾಡಿಸಲು ಸಮಯ ಎಲ್ಲಿ?

ಹಡಗನ್ನು ನಿಲ್ಲಿಸುವುದು ಬಸ್ ನಿಲ್ಲಿಸಿದ ಹಾಗಲ್ಲ

ಬಸ್ಸಿಗೆ ಡ್ರೈವರ್ ಮನಸ್ಸು ಮಾಡಿದರೆ ಸಾಕು. ಹಡಗಿನ ಕ್ಯಾಪ್ಟನ್ ಮನಸ್ಸು ಮಾಡಿದರೂ ಸಾಲದು. ಬಂದರಿನ ಒಳಗೆ ಹಡಗಿಗೆ ದಾರಿ ತೋರಿಸಲು ಆ ಬಂದರಿನ ಪೈಲಟ್ ಹತ್ತಬೇಕು. ದೊಡ್ಡ ಹಡಗನ್ನು ದಡದಿಂದ ಎಳೆಯಲು ಟಗ್ ಎಂಬ ಪುಟ್ಟ ಬಲಶಾಲಿ ದೋಣಿಗಳು ಬೇಕಾಗುತ್ತವೆ. ಇವರಿಗೆಲ್ಲ ಸಮಯ ನಿಗದಿಯಾಗಿರುತ್ತದೆ. ಈ ಹಡಗಿನ ಹಿಂದೆ ಸರಕಿನ ಹಡಗುಗಳೂ ಕಾಯುತ್ತಿರುತ್ತವೆ. ಕೆಲವು ಬಂದರುಗಳಲ್ಲಿ ಉಬ್ಬರ ಇಳಿತವನ್ನೂ ನೋಡಬೇಕು. ನೀರು ಇಳಿದ ಮೇಲೆ ದೊಡ್ಡ ಹಡಗು ದಾಟಲು ಸಾಕಷ್ಟು ಆಳ ಇರದೆ ಹೋಗಬಹುದು.

ಹಾಗಾಗಿ 'ಫೋನ್ ಮಾಡಿದ್ದೇವೆ, ಹತ್ತು ನಿಮಿಷ ಕಾಯುತ್ತಾರೆ' ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಇಪ್ಪತ್ತು ಜನರ ದೊಡ್ಡ ಗುಂಪು ಎಂದೂ ಕಾಯುವುದಿಲ್ಲ.

ಇಲ್ಲಿ ಒಂದು ಗೊಂದಲ ಹುಟ್ಟಲು ಕಾರಣವೂ ಇದೆ. ಪ್ರವಾಸದ ನಡುವೆ ಹಡಗು ಯಾವುದೋ ಊರಿನಲ್ಲಿ ನಿಂತಾಗ, ಹಡಗಿನ ಕಂಪನಿಯೇ ಬಸ್ ಮಾಡಿ ಕರೆದುಕೊಂಡು ಹೋದ ಪ್ರಯಾಣಿಕರು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಅದನ್ನು ಕಂಡವರು 'ಕಾಯುತ್ತಾರೆ' ಎಂದು ಹೇಳುತ್ತಾರೆ. ನಮ್ಮ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬಂದಾಗ ಆ ಪ್ರವಾಸಿಗರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ, ಕದ್ರಿ ಎಂದು ತೋರಿಸಿ ಸಂಜೆಗೆ ವಾಪಸ್ ಕರೆತರುವುದು ಇಂಥ ವ್ಯವಸ್ಥೆಯಲ್ಲೇ. ಆದರೆ ನೀವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಈ ಮಾತು ಅನ್ವಯಿಸುವುದಿಲ್ಲ. ಹೊರಡುವ ದಿನ ಮನೆಯಿಂದ ಬರುವವರಿಗಂತೂ ಅನ್ವಯಿಸುವುದೇ ಇಲ್ಲ.

ಹಾಗಾದರೆ ಬೆಳಿಗ್ಗೆಯೇ ಹೋಗಿ ಕೂತರೆ?

ಅದೂ ಪ್ರಯೋಜನವಿಲ್ಲ. ನೀವು ಹತ್ತುವ ದಿನ ಬೆಳಿಗ್ಗೆ ಆ ಹಡಗಿನಿಂದ ಹಿಂದಿನ ಪ್ರವಾಸದವರು ಇಳಿಯುತ್ತಿರುತ್ತಾರೆ. ಅವರ ಸಾಮಾನು ಇಳಿಯಬೇಕು. ಎಲ್ಲ ಕ್ಯಾಬಿನ್‌ಗಳ ಹಾಸಿಗೆ ಬಟ್ಟೆ ಬದಲಾಗಬೇಕು, ಬಚ್ಚಲು ತೊಳೆಯಬೇಕು. ತರಕಾರಿ, ಹಾಲು, ಅಕ್ಕಿ, ಇಂಧನ, ನೀರು ಏರಿಸಬೇಕು. ಮದುವೆ ಛತ್ರದಲ್ಲಿ ಒಂದು ಮದುವೆ ಮುಗಿದು ಅದೇ ಸಂಜೆ ಇನ್ನೊಂದು ಆರತಕ್ಷತೆ ಇದ್ದ ಹಾಗೆ. ಮಧ್ಯಾಹ್ನದವರೆಗೆ ಒಳಗೆ ಜಾಗವೇ ಇರುವುದಿಲ್ಲ. ಚೆಕ್-ಇನ್ ಆದ ಮೇಲೂ ಕ್ಯಾಬಿನ್ ಕೈಗೆ ಸಿಗಲು ಮಧ್ಯಾಹ್ನ ಒಂದೋ ಎರಡೋ ಗಂಟೆ ಆಗಬಹುದು.

ಜನಸಂದಣಿಯ ಲೆಕ್ಕವನ್ನೂ ನೋಡಿ. 1990ರಲ್ಲಿ ನಿರ್ಮಾಣವಾಗಿ 2021ರಲ್ಲಿ ಮುಂಬೈಯಿಂದ ಓಡಲು ಶುರುಮಾಡಿದ 'ಎಂಪ್ರೆಸ್' ಸುಮಾರು 48 ಸಾವಿರ ಟನ್ನಿನ ಹಡಗು. ಜಗತ್ತಿನ ದೊಡ್ಡ ಕ್ರೂಸ್ ಹಡಗುಗಳ ಪಕ್ಕದಲ್ಲಿ ಇದು ಚಿಕ್ಕದು. ಆದರೂ 1,800ರಷ್ಟು ಪ್ರಯಾಣಿಕರು ಹಿಡಿಸುತ್ತಾರೆ. 50 ಸೀಟಿನ ಬಸ್ ಲೆಕ್ಕದಲ್ಲಿ 36 ಬಸ್ ಜನ. ಅಷ್ಟೂ ಜನ ನಾಲ್ಕು ಗಂಟೆಯಲ್ಲಿ ಹಂಚಿಕೊಂಡು ಬಂದರೆ ನಿಮಿಷಕ್ಕೆ ಏಳೆಂಟು ಜನರ ಕಾಗದ ನೋಡಬೇಕು. ಅರ್ಧದಷ್ಟು ಜನ ಕೊನೆಯ ಒಂದು ಗಂಟೆಗೇ ಬಂದರೆ ನಿಮಿಷಕ್ಕೆ 15 ಜನ. ಅಲ್ಲಿ ಸಾಲು ಬೆಳೆಯುವುದು ಹೀಗೆ.

ಅದಕ್ಕಾಗಿಯೇ ಅನೇಕ ಕಂಪನಿಗಳು 'ನೀವು ಇಂತಿಷ್ಟು ಗಂಟೆಗೆ ಬನ್ನಿ' ಎಂದು ಸ್ಲಾಟ್ ಕೊಡುತ್ತವೆ. ಸ್ಲಾಟ್ ಕೊಟ್ಟಿದ್ದರೆ ಆ ಸಮಯಕ್ಕೇ ಹೋಗಿ. ಕೊಟ್ಟಿಲ್ಲದಿದ್ದರೆ, ಚೆಕ್-ಇನ್ ಶುರುವಾದ ಒಂದು ಗಂಟೆಯ ನಂತರ ಮತ್ತು ಮುಚ್ಚುವ ಒಂದೂವರೆ ಗಂಟೆಯ ಮೊದಲು ತಲುಪುವುದು ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಅದು ಮಧ್ಯಾಹ್ನ 1ರಿಂದ 2 ಗಂಟೆಯ ನಡುವೆ. ಊಟ ಹಡಗಿನಲ್ಲೇ ಸಿಗುವ ಸಾಧ್ಯತೆ ಇದ್ದರೂ, ಸಕ್ಕರೆ ಕಾಯಿಲೆ ಇರುವವರು ಅದನ್ನು ನಂಬಿ ಹಸಿದು ಸಾಲಿನಲ್ಲಿ ನಿಲ್ಲಬೇಡಿ. ಏನಾದರೂ ತಿಂದೇ ಹೋಗಿ.

'ವೆಬ್ ಚೆಕ್-ಇನ್ ಆಗಿದೆ, ಇನ್ನೇನು?'

ಮೊಬೈಲಿನಲ್ಲಿ ಮಾಡುವ ಚೆಕ್-ಇನ್ ನಿಮ್ಮ ವಿವರಗಳನ್ನು ತುಂಬಿಕೊಡುತ್ತದೆ, ಅಷ್ಟೆ. ಬಂದರಿನಲ್ಲಿ ನೀವು ಕಾಣಿಸಿಕೊಳ್ಳಬೇಕು, ಗುರುತಿನ ಚೀಟಿ ತೋರಿಸಬೇಕು, ಫೋಟೊ ತೆಗೆಸಬೇಕು, ಸಾಮಾನು ತಪಾಸಣೆ ಆಗಬೇಕು. ವಿದೇಶಕ್ಕೆ ಹೋಗುವ ಹಡಗಾದರೆ ಇಮಿಗ್ರೇಷನ್ ಕೂಡ ಇದೆ. ಪಾಸ್‌ಪೋರ್ಟ್ ಇಲ್ಲದೆ ಆಗುವುದಿಲ್ಲ. ಮನೆಯಲ್ಲಿ ಕೂತು ಚೆಕ್-ಇನ್ ಮಾಡಿದ್ದು ಮುಚ್ಚುವ ಸಮಯವನ್ನು ಮುಂದಕ್ಕೆ ಹಾಕುವುದಿಲ್ಲ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ: ಹೆಸರಿನ ಇನಿಷಿಯಲ್. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಒಂದೊಂದು ಅಕ್ಷರವಾಗಿ ಮುಂದೆ ಕೂತಿರುತ್ತವೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಡಿಸಿದ ಹೆಸರು, ಟಿಕೆಟ್ಟಿನಲ್ಲಿ ಮಗ ಅವಸರದಲ್ಲಿ ಟೈಪ್ ಮಾಡಿದ ಮನೆಯ ಹೆಸರು. ಈ ಮೂರೂ ತಾಳೆಯಾಗದಿದ್ದರೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಅದನ್ನು ಸರಿಪಡಿಸಲು ಬೇಕಾದ ಅರ್ಧ ಗಂಟೆ, ಬೇಗ ಬಂದವರ ಹತ್ತಿರ ಇರುತ್ತದೆ, ತಡವಾಗಿ ಬಂದವರ ಹತ್ತಿರ ಇರುವುದಿಲ್ಲ. ಟಿಕೆಟ್ ಕೈಗೆ ಬಂದ ದಿನವೇ, ತೋರಿಸಲಿರುವ ಗುರುತಿನ ಚೀಟಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ.

'ತಪ್ಪಿಹೋದರೆ ಮುಂದಿನ ಬಂದರಿನಲ್ಲಿ ಹತ್ತಬಹುದು'

ಸಿನಿಮಾದಲ್ಲಿ ಟ್ಯಾಕ್ಸಿ ಹಿಡಿದು ರೈಲನ್ನು ಮುಂದಿನ ಸ್ಟೇಷನ್ನಿನಲ್ಲಿ ಹಿಡಿಯುತ್ತಾರೆ. ಹಡಗಿಗೆ ಇದು ಅಪರೂಪಕ್ಕೆ ಸಾಧ್ಯ, ಬಹಳ ಸಲ ಅಸಾಧ್ಯ. ಲಕ್ಷದ್ವೀಪವನ್ನೇ ತೆಗೆದುಕೊಳ್ಳಿ. ಅಲ್ಲಿಗೆ ಹೋಗಲು ಪ್ರವಾಸಿಗರಿಗೆ ಪ್ರವೇಶ ಪರವಾನಗಿ ಬೇಕು. ಪ್ಯಾಕೇಜಿನ ಭಾಗವಾಗಿ ಹೋಗುವವರು ತಮ್ಮಷ್ಟಕ್ಕೆ ಇನ್ನೊಂದು ದಾರಿಯಲ್ಲಿ ಹೋಗಿ ಹಡಗು ಸೇರಿಕೊಳ್ಳುತ್ತೇವೆ ಎಂದರೆ ಆಗುವ ಮಾತಲ್ಲ. ಮುಂದಿನ ನಿಲುಗಡೆ ವಿದೇಶದಲ್ಲಿದ್ದರೆ ವೀಸಾ, ವಿಮಾನದ ಟಿಕೆಟ್ ಎರಡೂ ನಿಮ್ಮ ತಲೆಯ ಮೇಲೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆ ತಾಯಿಯರು ಅಲ್ಲಿ ಕ್ರೂಸ್‌ಗೆ ಹೋಗುವುದುಂಟು. ಅಲ್ಲಿ ಇನ್ನೊಂದು ತೊಡಕಿದೆ. 1886ರ ಒಂದು ಕಾನೂನಿನ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿ ಇನ್ನೊಂದು ಅಮೆರಿಕದ ಬಂದರಿನಲ್ಲಿ ಇಳಿಸಲು ನಿರ್ಬಂಧಗಳಿವೆ. ಬಹುಪಾಲು ಕ್ರೂಸ್ ಹಡಗುಗಳು ವಿದೇಶಿ ಧ್ವಜದವೇ. ಹೀಗಾಗಿ ಮಧ್ಯದ ಬಂದರಿನಲ್ಲಿ ಹತ್ತುತ್ತೇವೆ ಎಂದರೆ ಕಂಪನಿ ಒಪ್ಪದಿರಬಹುದು.

ಹಡಗು ತಪ್ಪಿಸಿಕೊಂಡವರಿಗೆ ಸಾಮಾನ್ಯವಾಗಿ ಟಿಕೆಟ್ ಹಣ ವಾಪಸ್ ಬರುವುದಿಲ್ಲ. ಪ್ರವಾಸ ವಿಮೆ ಮಾಡಿಸಿದ್ದರೂ, ಹೊರಡುವ ಹಡಗು ತಪ್ಪಿದ್ದಕ್ಕೆ ಪರಿಹಾರ ಇದೆಯೇ, ಯಾವ ಕಾರಣಗಳಿಗೆ ಇದೆ ಎಂದು ಪಾಲಿಸಿ ಓದಿ ನೋಡಬೇಕು.

ಕೊಟ್ಟಿಗೆಹಾರದಿಂದ ಹಿಂದುಮುಂದಾಗಿ ಲೆಕ್ಕ

ಬಂದರಿನಲ್ಲಿ 2 ಗಂಟೆಗೆ ಇರಬೇಕು ಎಂದು ಗೊತ್ತಾಯಿತು. ಮನೆಯಿಂದ ಯಾವಾಗ ಹೊರಡಬೇಕು? ಇಲ್ಲಿ ನಮ್ಮ ಘಾಟಿಯ ಮಾತು ಬರುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ ಮೇಲೆ ಮಂಗಳೂರಿಗೆ ಸುಮಾರು 90 ಕಿ.ಮೀ. ರಸ್ತೆ ಚೆನ್ನಾಗಿದ್ದರೆ ಎರಡೂವರೆ, ಮೂರು ಗಂಟೆ. ಆದರೆ 'ಚೆನ್ನಾಗಿದ್ದರೆ' ಎಂಬ ಮಾತು ಇಲ್ಲಿ ದೊಡ್ಡದು. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿಯಲ್ಲಿ ಸಾಲು ಸಾಲು ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಭಾರೀ ವಾಹನಗಳಿಗೆ ನಿರ್ಬಂಧ ಅದಾದ ಮೇಲೂ ಬಹಳ ಕಾಲ ಇತ್ತು. ಮಳೆ ಇಲ್ಲದ ತಿಂಗಳಲ್ಲೂ ದಟ್ಟ ಮಂಜು, ತಿರುವಿನಲ್ಲಿ ಸಿಕ್ಕಿಕೊಂಡ ಒಂದು ಲಾರಿ, ರಾತ್ರಿ ಹೊತ್ತು ರಸ್ತೆಗೆ ಬರುವ ಆನೆ, ಯಾವುದೂ ಹೇಳಿ ಬರುವುದಿಲ್ಲ.

ಮಂಗಳೂರಿನಿಂದ ಮುಂಬೈಗೆ ಕೊಂಕಣ ರೈಲು ಇದೆ. ಮತ್ಸ್ಯಗಂಧ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಮುಂಬೈ ತಲುಪುತ್ತದೆ. ಮಳೆಗಾಲಕ್ಕೆ ಈ ಮಾರ್ಗದಲ್ಲಿ ಬೇರೆಯೇ ವೇಳಾಪಟ್ಟಿ ಇರುತ್ತದೆ, ರೈಲುಗಳು ನಿಧಾನವಾಗಿ ಓಡುತ್ತವೆ. ಕೊಚ್ಚಿಯ ಹಡಗಾದರೆ ಮಂಗಳೂರಿನಿಂದ ಎರ್ನಾಕುಲಂಗೆ ರಾತ್ರಿ ರೈಲುಗಳಿವೆ. ಕೊಚ್ಚಿಯ ಕ್ರೂಸ್ ಟರ್ಮಿನಲ್ 'ಸಾಗರಿಕಾ' ಇರುವುದು ವಿಲಿಂಗ್ಡನ್ ದ್ವೀಪದಲ್ಲಿ.

ಹಡಗು ಭಾನುವಾರ ಸಂಜೆ ಮುಂಬೈಯಿಂದ ಎಂದಿಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ಮನೆ ಬಿಟ್ಟು, ಮಧ್ಯಾಹ್ನ ರೈಲು ಹತ್ತಿ, ಭಾನುವಾರ ಬೆಳಿಗ್ಗೆ ಮುಂಬೈಯಲ್ಲಿ ಇಳಿದರೆ ಕಾಗದದ ಮೇಲೆ ಲೆಕ್ಕ ಸರಿ ಹೋಗುತ್ತದೆ. ರೈಲು ಮೂರು ಗಂಟೆ ತಡವಾದರೂ ಸುಧಾರಿಸಬಹುದು, ಏಳೆಂಟು ಗಂಟೆ ತಡವಾದರೆ ಮುಗಿಯಿತು. ಘಾಟಿಯಲ್ಲಿ ತಡೆಯಾಗಿ ಮಂಗಳೂರಿನ ರೈಲೇ ತಪ್ಪಿದರಂತೂ ಬೇರೆ ದಾರಿ ಹುಡುಕಲು ಹೊತ್ತೇ ಇಲ್ಲ. ಅದೇ ಶುಕ್ರವಾರ ಹೊರಟು ಶನಿವಾರ ರಾತ್ರಿ ಮುಂಬೈಯಲ್ಲಿ ಉಳಿದರೆ, ಒಂದು ಕಡೆ ತಪ್ಪಿದರೂ ಸರಿಪಡಿಸಿಕೊಳ್ಳಲು ಒಂದು ದಿನ ಕೈಯಲ್ಲಿರುತ್ತದೆ. ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯುವವರಿಗೂ ಇದೇ ಮಾತು: ಹಡಗು ಹೊರಡುವ ದಿನದ ವಿಮಾನ ಬೇಡ, ಹಿಂದಿನ ದಿನದ್ದು ಇರಲಿ.

ಒಂದು ರಾತ್ರಿಯ ಲಾಡ್ಜ್ ಖರ್ಚು ದಂಡ ಎನಿಸಬಹುದು. ಇಡೀ ಮನೆಯವರ ಹಡಗಿನ ಟಿಕೆಟ್ ಹಣದ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಮಯ ಕಡಿಮೆ ಇಟ್ಟುಕೊಂಡು ಹೊರಟವರು ಮಂಜಿನಲ್ಲಿ, ಕತ್ತಲಲ್ಲಿ ಚಾರ್ಮಾಡಿಯ ತಿರುವುಗಳನ್ನು ವೇಗವಾಗಿ ಇಳಿಯುತ್ತಾರೆ. ಹಡಗು ತಪ್ಪಿದರೆ ಹೋಗುವುದು ಹಣ ಮಾತ್ರ.

ಕೈಚೀಲದಲ್ಲಿ ಏನಿರಬೇಕು?

ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರಲು ಸಂಜೆಯೂ ಆಗಬಹುದು. ಹಾಗಾಗಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಕನ್ನಡಕ, ಗುರುತಿನ ಚೀಟಿ, ಪಾಸ್‌ಪೋರ್ಟ್, ಟಿಕೆಟ್ಟಿನ ಕಾಗದದ ಪ್ರತಿ, ಮೊಬೈಲ್ ಚಾರ್ಜರ್ ಕೈಚೀಲದಲ್ಲೇ ಇರಲಿ. ಮಾತ್ರೆಯ ಜೊತೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಗರ್ಭಿಣಿಯರಿದ್ದರೆ ಎಷ್ಟು ವಾರದವರೆಗೆ ಹತ್ತಿಸಿಕೊಳ್ಳುತ್ತಾರೆ ಎಂದು ಬುಕಿಂಗ್ ಮಾಡುವ ಮೊದಲೇ ಕೇಳಿ. ಕೌಂಟರಿನ ಎದುರು ನಿಂತು ತಿಳಿದುಕೊಳ್ಳುವ ವಿಷಯ ಅದಲ್ಲ. ನಡೆಯಲು ಕಷ್ಟ ಇರುವವರಿಗೆ ವೀಲ್‌ಚೇರ್ ಬೇಕಿದ್ದರೂ ಮೊದಲೇ ಹೇಳಿಡಬೇಕು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

ಟಿಕೆಟ್ಟಿನಲ್ಲಿ ಹಡಗು ಹೊರಡುವ ಸಮಯ ನೋಡಬೇಡಿ, ಚೆಕ್-ಇನ್ ಮುಚ್ಚುವ ಸಮಯ ನೋಡಿ.
ಕಂಪನಿ ಕೊಟ್ಟ ಸ್ಲಾಟ್ ಇದ್ದರೆ ಅದೇ ಸಮಯಕ್ಕೆ ಹೋಗಿ. ಇಲ್ಲದಿದ್ದರೆ ಮುಚ್ಚುವ ಒಂದೂವರೆ ಗಂಟೆ ಮೊದಲು ಅಲ್ಲಿರಿ.
ಹಡಗಿನ ಊರಿಗೆ ಹಿಂದಿನ ದಿನವೇ ತಲುಪಿ.
ಟಿಕೆಟ್ಟಿನ ಹೆಸರು, ಗುರುತಿನ ಚೀಟಿಯ ಹೆಸರು ತಾಳೆ ನೋಡಿ.
ಔಷಧಿ, ಕಾಗದಪತ್ರ ಕೈಚೀಲದಲ್ಲಿರಲಿ.
ಹಡಗು ಕಾಯುವುದಿಲ್ಲ, ಮುಂದಿನ ಬಂದರಿನಲ್ಲಿ ಹತ್ತಬಹುದು ಎಂಬ ನಂಬಿಕೆಯೂ ಬೇಡ.

ಯಾರದೋ 'ನಾವು 4 ಗಂಟೆಗೆ ಹೋಗಿದ್ದೆವು, ಏನೂ ಆಗಲಿಲ್ಲ' ಎಂಬ ಮಾತು ಸುಳ್ಳಲ್ಲದಿರಬಹುದು. ಅವರ ಹಡಗು ಬೇರೆ, ಅವರ ಮುಚ್ಚುವ ಸಮಯ ಬೇರೆ. ನಿಮ್ಮ ಮನೆಯ ಹಿರಿಯರು ಹೊರಟಿದ್ದರೆ, ಆ ಮಾತನ್ನು ಕಳಿಸುವ ಬದಲು ಅವರ ಟಿಕೆಟ್ ತೆರೆದು, ಚೆಕ್-ಇನ್ ಮುಚ್ಚುವ ಸಮಯವನ್ನು ಹುಡುಕಿ, ಅದನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅವರ ಕೈಗೆ ಕೊಡಿ.